ಕಾಲಬುಡದ ಗೇರು

1781ರಲ್ಲಿ ಜೇಮ್ಸ್ ವಾಟ್‌ಗೆ ಒಂದು ಇಕ್ಕಟ್ಟು ಎದುರಾಗಿತ್ತು. ಅವನ ಉಗಿಯಂತ್ರದ ದಂಡ ಮೇಲೆ ಕೆಳಗೆ ಆಡುತ್ತಿತ್ತು. ಆ ಆಟದಿಂದ ಒಂದು ಚಕ್ರವನ್ನು ತಿರುಗಿಸಬೇಕಿತ್ತು. ಅದಕ್ಕೆ ಎಲ್ಲರಿಗೂ ಗೊತ್ತಿದ್ದ ಉಪಾಯ ಕ್ರ್ಯಾಂಕು. ಆದರೆ ಉಗಿಯಂತ್ರಕ್ಕೆ ಕ್ರ್ಯಾಂಕು ಜೋಡಿಸುವುದಕ್ಕೆ ಹಿಂದಿನ ವರ್ಷವೇ ಬರ್ಮಿಂಗ್‌ಹ್ಯಾಮಿನ ಜೇಮ್ಸ್ ಪಿಕಾರ್ಡ್ ಪೇಟೆಂಟ್ ಪಡೆದುಕೊಂಡಿದ್ದ. ವಾಟ್ ಸುತ್ತುದಾರಿ ಹಿಡಿದ. ಒಂದು ಹಲ್ಲುಚಕ್ರದ ಸುತ್ತ ಇನ್ನೊಂದು ಹಲ್ಲುಚಕ್ರ ಸುತ್ತಿಬರುವಂತೆ ಜೋಡಿಸಿ ಅದಕ್ಕೆ ತಾನೊಂದು ಪೇಟೆಂಟ್ ಮಾಡಿಸಿದ. ಅವನ ಕೈಕೆಳಗಿದ್ದ ವಿಲಿಯಂ ಮರ್ಡಾಕನ ಯೋಚನೆಯಿದು ಎಂದು ಹೇಳುವವರು ಬಹಳ ಮಂದಿ. ನಡುವಿನ ಚಕ್ರ ಸೂರ್ಯ, ಸುತ್ತುವುದು ಗ್ರಹ. ಕ್ರ್ಯಾಂಕನ್ನು ತಪ್ಪಿಸಿಕೊಳ್ಳಲು ಬಳಕೆಗೆ ಬಂದ ಈ ಗೇರು, ನೂರು ಚಿಲ್ಲರೆ ವರ್ಷಗಳ ಮೇಲೆ ಸೈಕಲ್ಲಿನ ಕ್ರ್ಯಾಂಕಿನೊಳಗೇ ಬಂದು ಕೂತಿತು.

ನಾನಿರುವುದು ಜರ್ಮನಿಯ ಶ್ವೈನ್‌ಫುರ್ಟ್‌ನಲ್ಲಿ. ಮಾಯ್ನ್ ನದಿಯ ದಂಡೆಯ ಈ ಊರಿನ ಬೇರಿಂಗ್ ಕಾರ್ಖಾನೆಯೊಂದರ ಅಳತೆ ವಿಭಾಗದಲ್ಲಿ ನನಗೆ ಕೆಲಸ. ಉಂಗುರಗಳು ಎಷ್ಟು ದುಂಡಗಿವೆ, ಗುಂಡುಗಳು ಎಷ್ಟು ಸಮನಾಗಿವೆ ಎಂದು ಮೈಕ್ರಾನ್ ಲೆಕ್ಕದಲ್ಲಿ ನೋಡುತ್ತೇನೆ. ರಜೆ ಸಿಕ್ಕರೆ ಉತ್ತರದ ರೋನ್ ಬೆಟ್ಟಗಳಲ್ಲಿ ಸೈಕಲ್ ತುಳಿಯುತ್ತೇನೆ. ಮುಂದೆ ಹಿಂದೆ ಎರಡೂ ಕಡೆ ಸಸ್ಪೆನ್ಷನ್ ಇರುವ ಹಳೆಯ ಮೌಂಟನ್ ಬೈಕು ಅದು. ಅದರ ಕ್ರ್ಯಾಂಕಿನೊಳಗೆ ಎರಡು ವೇಗದ ಗ್ರಹಗೇರು ಇದೆ. ಹೆಸರು ಹ್ಯಾಮರ್‌ಶ್ಮಿಟ್. ಸ್ರಾಮ್ ಕಂಪನಿ 2008ರಲ್ಲಿ ತನ್ನ ಟ್ರುವೇಟಿವ್ ಬ್ರ್ಯಾಂಡಿನಲ್ಲಿ ಇದನ್ನು ಹೊರತಂದಿತು. ಇದನ್ನು ರೂಪಿಸಿದ ಎಂಜಿನಿಯರುಗಳು ಕೆಲಸ ಮಾಡಿದ್ದು ಇದೇ ಊರಿನಲ್ಲಿ. ಈಗ ಇದು ತಯಾರಾಗುವುದಿಲ್ಲ. ಬಳಸಿ ಬಿಟ್ಟದ್ದೊಂದನ್ನು ಕೊಂಡು ಒಂದು ಚಳಿಗಾಲದಲ್ಲಿ ನನ್ನ ಬೈಕಿಗೆ ಕೂರಿಸಿದೆ. ಕೂರಿಸುವಾಗ ಎದ್ದ ಪ್ರಶ್ನೆಗಳ ಬೆನ್ನು ಹತ್ತಿ ಅದರ ಪೂರ್ವಜರನ್ನೆಲ್ಲ ಹುಡುಕಿಕೊಂಡು ಹೋದೆ.

ಗ್ರಹಗೇರಿನಲ್ಲಿ ಮುಖ್ಯವಾಗಿ ಮೂರು ಭಾಗ. ನಡುವೆ ಸೂರ್ಯಗೇರು. ಅದರ ಸುತ್ತ ಗ್ರಹಗೇರುಗಳು, ಅವನ್ನು ಹೊತ್ತ ಒಂದು ತಟ್ಟೆ. ಎಲ್ಲಕ್ಕೂ ಹೊರಗೆ, ಒಳಮೈಯಲ್ಲಿ ಹಲ್ಲುಗಳಿರುವ ಬಳೆ. ಮೂರನ್ನೂ ಒಟ್ಟಿಗೆ ಬಿಗಿದರೆ ಇಡೀ ಗುಂಪು ಒಂದೇ ಗಟ್ಟಿಯಂತೆ ತಿರುಗುತ್ತದೆ, ವೇಗ ಬದಲಾಗುವುದಿಲ್ಲ. ಒಂದನ್ನು ಅಲುಗದಂತೆ ಹಿಡಿದು, ಇನ್ನೊಂದನ್ನು ತಿರುಗಿಸಿದರೆ, ಮೂರನೆಯದು ಬೇರೆ ವೇಗದಲ್ಲಿ ತಿರುಗುತ್ತದೆ. ಇಲ್ಲಿ ಮರೆಯಬಾರದ ಮಾತು ಆ ಹಿಡಿತದ್ದು. ವೇಗ ಹೆಚ್ಚಿದರೆ ಬಲ ಕಡಿಮೆಯಾಗಬೇಕು. ಕಡಿಮೆಯಾದ ಆ ಪಾಲು ಗಾಳಿಯಲ್ಲಿ ಕರಗುವುದಿಲ್ಲ, ಹಿಡಿದುಕೊಂಡ ಭಾಗದ ಮೇಲೆ ಬೀಳುತ್ತದೆ. ಸೈಕಲ್ಲಿನಲ್ಲಿ ಹಿಡಿದುಕೊಳ್ಳುವ ಹೊಣೆ ಫ್ರೇಮಿನದು. ಕ್ರ್ಯಾಂಕಿನ ಗೇರಿನ ಇತಿಹಾಸವನ್ನು ಈ ಒಂದು ನಿಯಮವೇ ನಡೆಸಿದೆ ಎಂದು ನಾನು ನಂಬುತ್ತೇನೆ. ಫ್ರೇಮು ಹಿಡಿದುಕೊಂಡ ಕಡೆ ಅದು ಬದುಕಿತು. ಫ್ರೇಮು ಕೈಬಿಟ್ಟ ಕಡೆ ಎಷ್ಟೇ ಚೆನ್ನಾಗಿದ್ದರೂ ಉಳಿಯಲಿಲ್ಲ.

ಶ್ವೈನ್‌ಫುರ್ಟಿನವರನ್ನು ಕೇಳಿದರೆ ಸೈಕಲ್ಲಿನ ಕ್ರ್ಯಾಂಕು ಹುಟ್ಟಿದ್ದೇ ಇಲ್ಲಿ. ವಾದ್ಯ ತಯಾರಿಸುತ್ತಿದ್ದ ಫಿಲಿಪ್ ಮೊರಿಟ್ಜ್ ಫಿಶರ್ 1853ರಲ್ಲಿ ಎರಡು ಚಕ್ರದ ಗಾಡಿಯ ಮುಂದಿನ ಚಕ್ರಕ್ಕೆ ಪೆಡಲ್ ಜೋಡಿಸಿದನೆಂದು ಊರು ಹೆಮ್ಮೆಯಿಂದ ಹೇಳುತ್ತದೆ. ಇತಿಹಾಸಕಾರರೆಲ್ಲ ಆ ತಾರೀಕನ್ನು ಒಪ್ಪುವುದಿಲ್ಲ. ಬರಹದಲ್ಲಿ ಗಟ್ಟಿಯಾಗಿ ನಿಲ್ಲುವುದು ಫ್ರಾನ್ಸಿನ ಪಿಯೆರ್ ಲಾಲಮಾ 1866ರಲ್ಲಿ ಅಮೆರಿಕದಲ್ಲಿ ಪಡೆದ ಪೇಟೆಂಟ್. ಫಿಶರನ ಮಗ ಫ್ರೀಡ್ರಿಖ್ ಮಾಡಿದ ಕೆಲಸದ ಬಗ್ಗೆ ಮಾತ್ರ ಯಾರಿಗೂ ತಕರಾರಿಲ್ಲ. ಗಟ್ಟಿಗೊಳಿಸಿದ ಉಕ್ಕಿನ ಗುಂಡುಗಳನ್ನು ಒಂದೇ ಗಾತ್ರಕ್ಕೆ, ಒಂದೇ ದುಂಡಿಗೆ, ರಾಶಿಗಟ್ಟಲೆ ಅರೆದು ತೆಗೆಯುವ ಯಂತ್ರವನ್ನು ಅವನು 1883ರಲ್ಲಿ ಮಾಡಿದ. ಸೈಕಲ್ಲಿನ ಹಬ್ಬಿಗೂ ಪೆಡಲಿಗೂ ಅಗ್ಗದ ಬೇರಿಂಗ್ ಸಿಕ್ಕಿದ್ದು ಅದರಿಂದ. 1895ರಲ್ಲಿ ಸೈಕಲ್ ಪಂದ್ಯಗಳ ಹುಚ್ಚಿದ್ದ ಅರ್ನ್ಸ್ಟ್ ಸಾಕ್ಸ್, ಕಾರ್ಲ್ ಫಿಖ್ಟೆಲ್ ಜೊತೆ ಸೇರಿ ಇಲ್ಲಿ ಕಾರ್ಖಾನೆ ತೆರೆದ. 1903ರಲ್ಲಿ ಅವರ ಟಾರ್ಪೀಡೊ ಹಬ್ ಬಂತು: ತುಳಿಯುವುದು ಬಿಟ್ಟರೆ ಚಕ್ರ ತಾನೇ ಓಡುತ್ತದೆ, ಹಿಂದಕ್ಕೆ ತುಳಿದರೆ ಬ್ರೇಕು ಬೀಳುತ್ತದೆ. ಅಲ್ಲಿಂದ ಈ ಊರು ಹಬ್ಬಿನ ಊರೂ ಆಯಿತು.

ಮೊದಲ ಪೆಡಲ್ ಸೈಕಲ್ಲುಗಳಲ್ಲಿ ಗೇರಿನ ಪ್ರಶ್ನೆ ಏಳಲಿಲ್ಲ. ಕ್ರ್ಯಾಂಕು ಮುಂದಿನ ಚಕ್ರದ ಅಚ್ಚಿಗೇ ಕಚ್ಚಿಕೊಂಡಿತ್ತು. ಕಾಲು ಒಂದು ಸುತ್ತು, ಚಕ್ರ ಒಂದು ಸುತ್ತು. ಬೇಗ ಹೋಗಬೇಕಾದರೆ ದೊಡ್ಡ ಚಕ್ರ ಬೇಕು. ಹಾಗಾಗಿ ಚಕ್ರ ಬೆಳೆಯುತ್ತ ಬೆಳೆಯುತ್ತ ಸವಾರ ಆಳೆತ್ತರದಲ್ಲಿ ಕೂರುವಂತಾಯಿತು. ಬಿದ್ದರೆ ತಲೆ ಮೊದಲು. ಈ ಎತ್ತರವನ್ನು ಇಳಿಸಲು 1880 ಮತ್ತು 1890ರ ದಶಕಗಳಲ್ಲಿ ಲಂಡನ್ನಿನ ಕ್ರಿಪ್ಟೊ ಕಂಪನಿ ಗ್ರಹಗೇರನ್ನು ಸೈಕಲ್ಲಿಗೆ ತಂದಿತು. ಅವರ ಬ್ಯಾಂಟಮ್ ಎಂಬ ಸೈಕಲ್ಲಿನಲ್ಲಿ ಮುಂದಿನ ಚಕ್ರ ಸಣ್ಣದು, ಅದರ ಹಬ್ಬಿನೊಳಗೆ ಗೇರು, ಆ ಹಬ್ಬಿಗೇ ಕ್ರ್ಯಾಂಕು. ಕಾಲು ಒಂದು ಸುತ್ತು ಹಾಕುವಷ್ಟರಲ್ಲಿ ಚಕ್ರ ಅದಕ್ಕಿಂತ ಹೆಚ್ಚು ಸುತ್ತುತ್ತಿತ್ತು. ಗೇರಿನ ಅಲುಗದ ಭಾಗವನ್ನು ಹಿಡಿದದ್ದು ಪಕ್ಕದಲ್ಲೇ ಇದ್ದ ಫೋರ್ಕು. ಕಾಲಬುಡದ ಗೇರಿನ ಮೊದಲ ಸಂಸಾರ ಇದೇ. ಆದರೆ ಅಷ್ಟರಲ್ಲಿ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ 1885ರ ರೋವರ್ ಸೈಕಲ್ಲಿನಲ್ಲಿ ಕ್ರ್ಯಾಂಕನ್ನು ನಡುವಿಗೆ ತಂದು, ಚೈನಿನಿಂದ ಹಿಂದಿನ ಚಕ್ರ ತಿರುಗಿಸಿ ತೋರಿಸಿದ್ದ. ಇಂದಿನ ಸೈಕಲ್ಲಿನ ಆಕಾರ ಅಲ್ಲಿಗೆ ನಿಂತಿತು.

ಚೈನು ಬಂದ ಮೇಲೆ ಗೇರಿಗೆ ಎರಡು ಮನೆ ಸಿಕ್ಕವು: ಹಿಂದಿನ ಹಬ್ಬು, ಇಲ್ಲವೇ ಕ್ರ್ಯಾಂಕಿನ ಅಚ್ಚು ಹಾಯುವ ಬಾಟಮ್ ಬ್ರ್ಯಾಕೆಟ್. ಎರಡರಲ್ಲೂ ಜನ ಕೈಯಾಡಿಸಿದರು. ವುಲ್ವರ್‌ಹ್ಯಾಂಪ್ಟನ್ನಿನ ಜಾನ್ ಮಾರ್ಸ್ಟನ್ ತನ್ನ ಸನ್‌ಬೀಮ್ ಸೈಕಲ್ಲುಗಳಲ್ಲಿ ಬಾಟಮ್ ಬ್ರ್ಯಾಕೆಟ್ಟಿನಲ್ಲೇ ಎರಡು ವೇಗದ ಗ್ರಹಗೇರು ಕೂರಿಸಿದ. 20ನೆಯ ಶತಮಾನದ ಮೊದಲ ವರ್ಷಗಳ ಮಾತಿದು. ಚೈನಿಗೆ ಎಣ್ಣೆ ತುಂಬಿದ ಮುಚ್ಚಿದ ಡಬ್ಬಿ ತೊಡಿಸಿದ ಮನುಷ್ಯ ಮಾರ್ಸ್ಟನ್. ಧೂಳು ಮುಟ್ಟದ ಯಂತ್ರ ಬೇಕೆಂಬುದು ಅವನ ಹಟ. ಮುಂದೆ 1930ರ ದಶಕದಲ್ಲಿ ಫ್ರಾಂಕ್‌ಫರ್ಟಿನ ಆಡ್ಲರ್ ಕಂಪನಿ ಬಾಟಮ್ ಬ್ರ್ಯಾಕೆಟ್ಟಿನಲ್ಲಿ ಮೂರು ವೇಗದ ಗೇರುಪೆಟ್ಟಿಗೆ ಇಟ್ಟು ಸೈಕಲ್ ಮಾರಿತು. ಇಬ್ಬರಿಗೂ ಇದು ಸಾಧ್ಯವಾದದ್ದು ಒಂದೇ ಕಾರಣಕ್ಕೆ. ಫ್ರೇಮು ಮಾಡುವವರೂ ಅವರೇ, ಗೇರು ಮಾಡುವವರೂ ಅವರೇ. ಗೇರಿಗೆ ಬೇಕಾದ ದೊಡ್ಡ ಕೊಳವೆ, ಹಿಡಿಯಲು ಬೇಕಾದ ಜಾಗ ಎಲ್ಲವನ್ನೂ ತಮ್ಮ ಫ್ರೇಮಿನಲ್ಲಿ ತಾವೇ ಬಿಟ್ಟುಕೊಂಡರು. ಬೇರೆ ಯಾರ ಸೈಕಲ್ಲಿಗೂ ಆ ಗೇರು ಕೂರುತ್ತಿರಲಿಲ್ಲ.

ಹಬ್ಬಿನ ಗೇರಿಗೆ ಆ ಹಂಗು ಇರಲಿಲ್ಲ. ನಾಟಿಂಗ್‌ಹ್ಯಾಮಿನಲ್ಲಿ ರ್ಯಾಲಿ ಕಂಪನಿಯ ಫ್ರಾಂಕ್ ಬೌಡನ್ ಬೆಂಬಲದಿಂದ 1903ರ ಸುಮಾರಿಗೆ ಶುರುವಾದ ಸ್ಟರ್ಮಿ-ಆರ್ಚರ್ ಮೂರು ವೇಗದ ಹಬ್ಬು ಮಾಡಿ ಲೋಕವನ್ನೇ ಗೆದ್ದಿತು. ಅದರ ಎಡಬ್ಲ್ಯೂ ಎಂಬ ಹಬ್ಬಿನಲ್ಲಿ ಸೂರ್ಯಗೇರಿಗೆ 20 ಹಲ್ಲು, ಹೊರಬಳೆಗೆ 60. ಹಾಗಾಗಿ ಮೇಲಿನ ಗೇರಿನಲ್ಲಿ ಚಕ್ರ ಮೂರನೇ ಒಂದು ಪಾಲು ಹೆಚ್ಚು ಓಡುತ್ತದೆ, ಕೆಳಗಿನ ಗೇರಿನಲ್ಲಿ ಕಾಲು ಪಾಲು ಕಡಿಮೆ. ಸೂರ್ಯಗೇರನ್ನು ಅಚ್ಚಿನ ಮೇಲೇ ಕಡೆದಿದ್ದಾರೆ. ಆ ಅಚ್ಚನ್ನು ಎರಡು ಕಡೆ ನಟ್ಟು ಬಿಗಿದು ಫ್ರೇಮು ಹಿಡಿದುಕೊಂಡಿರುವುದು ಯಾವ ಸೈಕಲ್ಲಿನಲ್ಲಾದರೂ ಇದ್ದದ್ದೇ. ಫ್ರೇಮಿನ ಹಿಡಿತ ಹಬ್ಬಿಗೆ ಪುಕ್ಕಟೆ ಸಿಕ್ಕಿತು. ಚಕ್ರ ಬದಲಾಯಿಸಿದರೆ ಸಾಕು, ಗೇರು ಬಂತು.

ಕರ್ನಾಟಕದ ಸಾಗರ ಪಟ್ಟಣದಲ್ಲಿ ನನ್ನ ಸೋದರಮಾವನದು ಸೈಕಲ್ ಶಾಪು. ಊರಿನ ಡಾಕ್ಟರೊಬ್ಬರ ರ್ಯಾಲಿ ಸೈಕಲ್ಲಿಗೆ ಇಂಥ ಹಬ್ಬು ಇತ್ತು. ಅದರ ಮೈಮೇಲಿನ ಪುಟ್ಟ ಮುಚ್ಚಳ ತೆಗೆದು ಹೊಲಿಗೆ ಮಿಷನ್ನಿನ ಎಣ್ಣೆ ಬಿಡುವ ಕೆಲಸವನ್ನು ಮಾವ ನನಗೆ ಕೊಡುತ್ತಿದ್ದರು. ಚಕ್ರ ತಿರುಗಿಸಿ ಒಳಗಿನ ಟಿಕ್ ಟಿಕ್ ಕೇಳಿಸಿಕೊಂಡು, ಕೊಕ್ಕೆಗಳು ಸರಿಯಾಗಿ ಬೀಳುತ್ತಿವೆಯೋ ಇಲ್ಲವೋ ಹೇಳುತ್ತಿದ್ದರು. ಹ್ಯಾಮರ್‌ಶ್ಮಿಟ್ ಕೊಂಡ ವಾರ ಫೋನಿನಲ್ಲಿ ತೋರಿಸಿದೆ.

"ಅಲ್ಲ ಕಣೇ, ಹಬ್ಬಿನೊಳಗೆ ಗೇರು ಇಟ್ಟಿದ್ದು ನಾನೂ ನೋಡಿದೀನಿ. ಪೆಡ್ಲಿನ ಬುಡದಲ್ಲಿ ಯಾರಿಡ್ತಾರೆ? ಮನುಷ್ಯನ ಅಷ್ಟೂ ಭಾರ ಬೀಳೋದು ಅಲ್ಲೇ ಅಲ್ವೇನೆ?"

"ಹೌದು ಮಾವ. ಅದಕ್ಕೇ ಇದು ಇಷ್ಟು ತೂಕ."

"ತೂಕ ಇರ್ಲಿ. ಒಳಗಿಂದು ತಿರುಗದ ಹಾಗೆ ಹಿಡ್ಕೊಳ್ಳೋದು ಯಾವುದು? ಅದನ್ನು ಹೇಳು ಮೊದ್ಲು."

ಮಾವ ಯಾವ ಕಾಲೇಜಿಗೂ ಹೋದವರಲ್ಲ. ಈ ಇತಿಹಾಸದ ಎರಡು ಮುಖ್ಯ ಪ್ರಶ್ನೆಗಳನ್ನು ಎರಡು ಮಾತಿನಲ್ಲಿ ಕೇಳಿಬಿಟ್ಟರು. ಮೊದಲನೆಯದನ್ನು ಲೆಕ್ಕದಲ್ಲಿ ನೋಡೋಣ. 70 ಕಿಲೋ ತೂಗುವವರು 170 ಮಿಲಿಮೀಟರ್ ಉದ್ದದ ಕ್ರ್ಯಾಂಕಿನ ಮೇಲೆ ಪೂರ್ತಿ ನಿಂತರೆ ಅಚ್ಚಿನ ಮೇಲೆ ಸುಮಾರು 117 ನ್ಯೂಟನ್ ಮೀಟರ್ ತಿರುಚುಬಲ ಬೀಳುತ್ತದೆ. ರಸ್ತೆ ಸೈಕಲ್ಲಿನ ಮುಂದಿನ ಪಲ್ಲೆಗೆ, ಅಂದರೆ ಚೈನು ಕೂರುವ ಹಲ್ಲುಚಕ್ರಕ್ಕೆ, 46 ಹಲ್ಲು, ಹಿಂದಿನದಕ್ಕೆ 18 ಎಂದಿಟ್ಟುಕೊಂಡರೆ, ಅದೇ ಹೊತ್ತಿಗೆ ಹಿಂದಿನ ಹಬ್ಬಿಗೆ ಮುಟ್ಟುವುದು 46 ನ್ಯೂಟನ್ ಮೀಟರ್ ಮಾತ್ರ. ಹಬ್ಬಿನ ಗೇರು ಸಣ್ಣದಾಗಿ, ಹಗುರಾಗಿ ಇರಬಲ್ಲದು. ಕ್ರ್ಯಾಂಕಿನ ಗೇರು ಎರಡೂವರೆ ಪಟ್ಟು ಹೊರೆಗೆ ಎದೆಕೊಡಬೇಕು. ಹೊರೆಯೂ ಹೆಚ್ಚು, ಹಿಡಿಯಲು ವಿಶೇಷ ಫ್ರೇಮೂ ಬೇಕು. ಸನ್‌ಬೀಮ್, ಆಡ್ಲರ್‌ಗಳ ಗೇರು ಮರೆಯಾದದ್ದು ಹೀಗೆ.

ಫ್ರಾನ್ಸಿನ ಬೆಟ್ಟದ ಸವಾರರು ಮೂರನೆಯ ದಾರಿ ಹಿಡಿದರು. ಸೇಂತ್-ಎತಿಯೆನ್ ಊರಿನ ಪೋಲ್ ದ ವಿವಿ, ವೆಲೋಸಿಯೊ ಎಂಬ ಹೆಸರಿನಲ್ಲಿ, ಬೆಟ್ಟ ಹತ್ತಲು ಹಲವು ಗೇರು ಬೇಕೇಬೇಕು ಎಂದು ತನ್ನ ಪತ್ರಿಕೆಯಲ್ಲಿ ವರ್ಷಗಟ್ಟಲೆ ಬರೆದ. 1902ರಲ್ಲಿ ಪಿರನೀಸ್ ಪರ್ವತದ ತುರ್ಮಾಲೆ ಕಣಿವೆಯಲ್ಲಿ ನಡೆದ ಪರೀಕ್ಷೆಯಲ್ಲಿ ಮಾರ್ತ್ ಹೆಸ್ ಎಂಬ ಹೆಣ್ಣುಮಗಳು ಮೂರು ಗೇರಿನ ಸೈಕಲ್ಲಿನಲ್ಲಿ ಹತ್ತಿ, ಒಂದೇ ಗೇರಿನ ಗಟ್ಟಿ ಸವಾರನನ್ನು ಹಿಂದಿಕ್ಕಿದಳು. ಚೈನನ್ನು ಒಂದು ಪಲ್ಲೆಯಿಂದ ಪಕ್ಕದ ಪಲ್ಲೆಗೆ ದೂಡುವ ಡಿರೇಲರ್ ಈ ಮಣ್ಣಿನಲ್ಲಿ ಬೆಳೆಯಿತು. 1937ರಲ್ಲಿ ಟೂರ್ ದ ಫ್ರಾನ್ಸ್ ಅದನ್ನು ಒಪ್ಪಿಕೊಂಡ ಮೇಲೆ ಎಲ್ಲರೂ ಒಪ್ಪಿದರು. ಡಿರೇಲರ್ ಹಗುರ, ಅಗ್ಗ, ಬಿಚ್ಚಿ ತೊಳೆಯಬಹುದು. ಫ್ರೇಮಿನಿಂದ ಅದು ಬೇಡುವುದು ಒಂದು ಸ್ಕ್ರೂ ಅಥವಾ ಒಂದು ಪಟ್ಟಿ ಬಿಗಿಯುವ ಜಾಗವಷ್ಟೆ.

ಮೌಂಟನ್ ಬೈಕು ಈ ಫ್ರೆಂಚ್ ಆಸ್ತಿಯನ್ನೇ ಪಡೆದುಕೊಂಡು ಹುಟ್ಟಿತು. ಕ್ಯಾಲಿಫೋರ್ನಿಯಾದ ಮರಿನ್ ಜಿಲ್ಲೆಯ ಹುಡುಗರು 1970ರ ದಶಕದಲ್ಲಿ ಹಳೆಯ ಶ್ವಿನ್ ಸೈಕಲ್ಲುಗಳನ್ನು ಬೆಟ್ಟದ ಮಣ್ಣುದಾರಿಗಳಲ್ಲಿ ಇಳಿಸುತ್ತಿದ್ದರು. 1976ರ ಅಕ್ಟೋಬರ್ 21ರಂದು ಅವರ ಮೊದಲ ರಿಪ್ಯಾಕ್ ಪಂದ್ಯ ನಡೆಯಿತು. ಹಿಂದಕ್ಕೆ ತುಳಿದು ಬ್ರೇಕು ಹಾಕುವ ಹಬ್ಬು ಆ ಇಳಿಜಾರಿನಲ್ಲಿ ಕಾದು ಗ್ರೀಸೆಲ್ಲ ಸುಟ್ಟುಹೋಗಿ, ಪ್ರತಿಸಲ ಹೊಸ ಗ್ರೀಸು ತುಂಬಬೇಕಾಗುತ್ತಿದ್ದುದರಿಂದ ಆ ಹೆಸರು. ಅದೇ ಬೆಟ್ಟವನ್ನು ತುಳಿದೇ ಹತ್ತಬೇಕು ಎನ್ನಿಸಿದಾಗ ಗ್ಯಾರಿ ಫಿಶರ್ ಮೊದಲಾದವರು ಪ್ರವಾಸದ ಸೈಕಲ್ಲುಗಳ ಮೂರು ಪಲ್ಲೆಯ ಕ್ರ್ಯಾಂಕನ್ನೂ ಡಿರೇಲರನ್ನೂ ತಂದು ಜೋಡಿಸಿದರು. ಮುಂದಿನ ಎರಡು ದಶಕ ಮೌಂಟನ್ ಬೈಕೆಂದರೆ ಮುಂದೆ ಮೂರು ಪಲ್ಲೆ ಎಂದೇ ಲೆಕ್ಕ.

ಈ ಲೆಕ್ಕ ಕೆಡಿಸಿದ್ದು ಹಿಂದಿನ ಸಸ್ಪೆನ್ಷನ್. 1990ರ ಹೊತ್ತಿಗೆ ಮೋಟರ್‌ಸೈಕಲ್ ಪಂದ್ಯಗಳಲ್ಲಿ ಹೆಸರು ಮಾಡಿದ್ದ ಮರ್ಟ್ ಲಾವಿಲ್, ಗ್ಯಾರಿ ಫಿಶರ್ ಕಂಪನಿಗೆ ಹಿಂದಿನ ಚಕ್ರ ಮೇಲೆ ಕೆಳಗೆ ಆಡುವ ಬೈಕು ಮಾಡಿಕೊಟ್ಟ. ಆಸ್ಟ್ರಿಯಾದ ಹೋರ್ಸ್ಟ್ ಲೈಟ್ನರ್ ಹಿಂಬದಿಯ ಸರಳುಗಳಿಗೆ ಹೊಸ ಕೀಲು ಕೊಟ್ಟ; ಇವತ್ತಿಗೂ ಅದನ್ನು ಅವನ ಹೆಸರಿನಿಂದಲೇ ಕರೆಯುತ್ತಾರೆ. ಅಲ್ಲಿಯವರೆಗೆ ಫ್ರೇಮು ಒಂದೇ ಗಟ್ಟಿ ತುಂಡು. ಈಗ ಅದು ಎರಡಾಯಿತು. ಕ್ರ್ಯಾಂಕು ಮುಂಭಾಗದಲ್ಲಿ, ಹಿಂದಿನ ಪಲ್ಲೆ ಆಡುವ ಭಾಗದಲ್ಲಿ, ನಡುವೆ ಚೈನು.

ಅಲ್ಲಿಂದ ತೊಂದರೆಗಳ ಸಾಲು. ಚಕ್ರ ಮೇಲೇಳುವಾಗ ಕ್ರ್ಯಾಂಕಿಗೂ ಹಿಂದಿನ ಅಚ್ಚಿಗೂ ನಡುವಿನ ದೂರ ಸಾಮಾನ್ಯವಾಗಿ ಹೆಚ್ಚುತ್ತದೆ. ಚೈನು ಬಿಗಿದು ಪೆಡಲನ್ನು ಹಿಂದಕ್ಕೆ ಎಳೆಯುತ್ತದೆ. ತುಳಿಯುವಾಗ ಅದೇ ಚೈನಿನ ಎಳೆತ ಸಸ್ಪೆನ್ಷನ್ನನ್ನು ಗಡುಸು ಮಾಡುತ್ತದೆ. ಎಷ್ಟು ಎಂಬುದು ಚೈನು ಕೀಲಿನಿಂದ ಎಷ್ಟು ಎತ್ತರದಲ್ಲಿ ಹಾಯುತ್ತದೆ ಎಂಬುದರ ಮೇಲೆ ನಿಂತಿದೆ. 22 ಹಲ್ಲಿನ ಸಣ್ಣ ಪಲ್ಲೆಯ ಮೇಲೆ ಚೈನಿನ ದಾರಿ ಒಂದು, 44 ಹಲ್ಲಿನ ದೊಡ್ಡದರ ಮೇಲೆ ಇನ್ನೊಂದು. ವಿನ್ಯಾಸ ಮಾಡುವವರು ಒಂದೇ ಕೀಲನ್ನು ಎರಡಕ್ಕೂ ಒಪ್ಪಿಸಬೇಕು. ಮುಂದಿನ ಡಿರೇಲರಿಗಂತೂ ಕೂರಲು ಜಾಗವೇ ಕಷ್ಟ. ಮೊದಲು ಅದು ಅಪ್ಪಿಕೊಳ್ಳುತ್ತಿದ್ದ ಕೊಳವೆಯ ಸುತ್ತ ಈಗ ಕೀಲು, ಶಾಕು, ಮೇಲೆದ್ದು ಬರುವ ಟೈರು. ಕಲ್ಲುದಾರಿಯಲ್ಲಿ ಉದ್ದದ ಸಡಿಲ ಚೈನು ಫ್ರೇಮಿಗೆ ಬಡಿಯುತ್ತದೆ, ಪಲ್ಲೆಯಿಂದ ಹಾರುತ್ತದೆ. ಮುಂದೆ ಒಂದೇ ಸಣ್ಣ ಪಲ್ಲೆ ಇರಬೇಕು, ಗೇರು ಮಾತ್ರ ಎರಡಿರಬೇಕು ಎಂಬ ಆಸೆ ಹುಟ್ಟಿದ್ದು ಇಲ್ಲಿ. ದಶಕಗಟ್ಟಲೆ ಹಿಂದೆ ಸರಿದಿದ್ದ ಕಾಲಬುಡದ ಗೇರಿಗೆ ಮತ್ತೆ ಕರೆ ಬಂತು.

ಸ್ವಿಟ್ಜರ್ಲೆಂಡಿನ ಫ್ಲೋರಿಯನ್ ಶ್ಲುಂಫ್ ಆ ಕರೆಗೆ ಬೇಗ ಓಗೊಟ್ಟವರಲ್ಲಿ ಒಬ್ಬರು. ಅವರ ಮೌಂಟನ್ ಡ್ರೈವ್ ಕಾಲಿನ ಎರಡೂವರೆ ಸುತ್ತಿಗೆ ಪಲ್ಲೆಯನ್ನು ಒಂದು ಸುತ್ತು ತಿರುಗಿಸುತ್ತದೆ. ಸ್ಪೀಡ್ ಡ್ರೈವ್ ಒಂದು ಸುತ್ತಿಗೆ 1.65 ಸುತ್ತು. ಗೇರು ಬದಲಾಯಿಸಲು ಕೈಗೆ ಕೆಲಸವಿಲ್ಲ, ಅಚ್ಚಿನ ತುದಿಯ ಗುಂಡಿಯನ್ನು ಹಿಮ್ಮಡಿಯಿಂದ ತಟ್ಟಬೇಕು. ಮಾವನ ಎರಡನೆಯ ಪ್ರಶ್ನೆಗೆ ಶ್ಲುಂಫ್ ಕೊಟ್ಟ ಉತ್ತರ ಧೈರ್ಯದ್ದು. ಹಿಡಿಯುವ ಜಾಗ ಫ್ರೇಮಿನಲ್ಲಿ ಇಲ್ಲವೇ? ಬಾಟಮ್ ಬ್ರ್ಯಾಕೆಟ್ ಕೊಳವೆಯ ಬಾಯನ್ನೇ ವಿಶೇಷ ಉಳಿಯಿಂದ 45 ಡಿಗ್ರಿ ಓರೆಗೆ ಕೆತ್ತಿ, ಅಲ್ಲಿ ಗೇರಿನ ಮೈಯನ್ನು ಬೆಣೆಯಂತೆ ಬಿಗಿದುಬಿಡು. ಹೀಗೆ ಅದು ಬಹುಪಾಲು ಎಲ್ಲ ಸೈಕಲ್ಲುಗಳಿಗೂ ಹೊಂದಿತು. ಮಲಗಿ ತುಳಿಯುವ ಸೈಕಲ್ ಓಡಿಸುವವರು ಅದನ್ನು ಪ್ರೀತಿಯಿಂದ ಬಳಸಿದರು. ಸಾವಿರಾರು ಯೂರೊ ಕೊಟ್ಟು ಕೊಂಡ ಹೊಸ ಫ್ರೇಮಿನ ಬಾಯಿ ಕೆತ್ತಿಸಲು ಮಾತ್ರ ಎಲ್ಲರಿಗೂ ಮನಸ್ಸು ಬರಲಾರದು.

ಹ್ಯಾಮರ್‌ಶ್ಮಿಟ್ ಹಿಡಿತವನ್ನು ಬೇರೆ ಕಡೆ ಕಂಡುಕೊಂಡಿತು. ಬೆಟ್ಟ ಇಳಿಯುವ ಪಂದ್ಯದ ಬೈಕುಗಳಲ್ಲಿ ಚೈನು ಹಾರದಂತೆ ತಡೆಯುವ ಗೈಡು ಹಾಕುತ್ತಿದ್ದರು. ಪ್ರತಿ ಕಂಪನಿಯ ಗೈಡೂ ಪ್ರತಿ ಫ್ರೇಮಿಗೂ ಕೂರಲೆಂದು ಬಾಟಮ್ ಬ್ರ್ಯಾಕೆಟ್ಟಿನ ಬಲಕ್ಕೆ ಮೂರು ಕಿವಿಗಳನ್ನು ಬೆಸೆಯುವ ಒಪ್ಪಂದವೊಂದು ಬೆಳೆದುಬಂದಿತ್ತು. ಐಎಸ್‌ಸಿಜಿ ಎಂದು ಅದರ ಹೆಸರು. ಪ್ಲಾಸ್ಟಿಕ್ ಗೈಡಿಗೆಂದು ಬಿಟ್ಟಿದ್ದ ಆ ಮೂರು ಕಿವಿಗಳಲ್ಲಿ ಎಂಜಿನಿಯರುಗಳಿಗೆ ಗೇರಿನ ಹಿಡಿ ಕಂಡಿತು. ಒಂದು ಲೋಹದ ತಟ್ಟೆಯನ್ನು ಅಲ್ಲಿ ಬಿಗಿದು, ಸೂರ್ಯಗೇರಿನ ಹೊಣೆಯನ್ನು ಆ ತಟ್ಟೆಗೆ ಒಪ್ಪಿಸಿದರು. ಕ್ರ್ಯಾಂಕು ಗ್ರಹಗೇರುಗಳ ತಟ್ಟೆಯನ್ನು ತಿರುಗಿಸುತ್ತದೆ, ಹೊರಬಳೆಗೆ ಪಲ್ಲೆ ಅಂಟಿಕೊಂಡಿದೆ. ಸೂರ್ಯಗೇರು ಬಿಡುವಾಗಿದ್ದರೆ ಎಲ್ಲ ಒಟ್ಟಿಗೆ ತಿರುಗುತ್ತದೆ. ಕೇಬಲ್ ಎಳೆದು ಕೊಕ್ಕೆಗಳು ಸೂರ್ಯಗೇರನ್ನು ಹಿಡಿದರೆ ಪಲ್ಲೆ ಕಾಲಿಗಿಂತ 1.6 ಪಟ್ಟು ಬೇಗ ಸುತ್ತುತ್ತದೆ. 24 ಹಲ್ಲಿನ ಪಲ್ಲೆ 38 ಹಲ್ಲಿನದರಂತೆ ದುಡಿಯುತ್ತದೆ.

ನಮ್ಮ 70 ಕಿಲೋ ಸವಾರರನ್ನು ಮತ್ತೆ ಹತ್ತಿಸೋಣ. ಮೇಲಿನ ಗೇರಿನಲ್ಲಿ ಒಳಬಂದ 117 ನ್ಯೂಟನ್ ಮೀಟರಿನಲ್ಲಿ ಪಲ್ಲೆಗೆ ಹೋಗುವುದು 73. ಉಳಿದ 44 ಆ ಮೂರು ಕಿವಿಗಳ ಮೇಲೆ, ಪ್ರತಿ ತುಳಿತಕ್ಕೂ. ಇದನ್ನು ಕಾಗದದಲ್ಲಿ ಹಾಕಿ ನೋಡಿದ ಮೇಲೆ ಕೂರಿಸುವ ಕೆಲಸವನ್ನು ಅವಸರದಲ್ಲಿ ಮಾಡಬಾರದು ಎಂದು ನಿಶ್ಚಯಿಸಿದೆ.

ಹಳೆಯ ಕ್ರ್ಯಾಂಕು, ಮುಂದಿನ ಡಿರೇಲರ್, ಬಾಟಮ್ ಬ್ರ್ಯಾಕೆಟ್ ಕಪ್ಪುಗಳು ಮೊದಲು ಹೊರಬಂದವು. ಬಲಗಡೆಯ ಕಪ್ಪಿನ ಮರೆ ಎಡಕ್ಕೆ ತಿರುಗುವಂಥದು. ಸಾಗರದ ಶಾಪಿನಲ್ಲಿ ಕಲಿತ ಮೊದಲ ಪಾಠಗಳಲ್ಲಿ ಇದೂ ಒಂದು. ಕೊಳವೆಯ ಅಗಲ 73 ಮಿಲಿಮೀಟರ್, ಬೇಕಾದದ್ದೇ. ಆಮೇಲೆ ಕಿವಿಗಳ ಪರೀಕ್ಷೆ. ಕೊಳವೆಯ ಬಾಯಿ ಮತ್ತು ಮೂರು ಕಿವಿಗಳ ಮುಖ ಒಂದಕ್ಕೊಂದು ಸಮಾಂತರವಾಗಿರಬೇಕು. ಇಲ್ಲದಿದ್ದರೆ ತಟ್ಟೆ ಓರೆಯಾಗಿ ಕೂತು ಗೇರುಗಳು ಒಂದು ಕಡೆ ಉಜ್ಜುತ್ತವೆ. ಡಯಲ್ ಗೇಜು ಹಿಡಿದು ನೋಡಿದರೆ ಒಂದು ಕಿವಿ ಉಳಿದೆರಡಕ್ಕಿಂತ ಎತ್ತರವಿತ್ತು. ಬೆಸುಗೆಯ ಕಾವಿಗೆ ಎಳೆದಿರಬೇಕು, ಮೇಲೆ ದಪ್ಪ ಬಣ್ಣ ಬೇರೆ. ಚೈನ್ ಗೈಡಿಗೆ ಇದು ಲೆಕ್ಕಕ್ಕೇ ಇಲ್ಲದ ವ್ಯತ್ಯಾಸ. ಗೇರಿಗೆ ಇದೇ ಎಲ್ಲ. ಪರಿಚಯದ ಮೆಕ್ಯಾನಿಕ್ ಒಬ್ಬರ ವರ್ಕ್‌ಶಾಪಿನಲ್ಲಿ ಕೈಯಿಂದ ತಿರುಗಿಸುವ ಕಟರ್ ಇತ್ತು. ಕೊಳವೆಯನ್ನೇ ಆಧಾರ ಮಾಡಿಕೊಂಡು, ಎಣ್ಣೆ ಬಿಡುತ್ತ, ಮೂರು ಕಿವಿಗಳಲ್ಲೂ ಹೊಳೆಯುವ ಲೋಹ ಸಮನಾಗಿ ಕಾಣುವವರೆಗೆ ತೆಗೆದೆವು.

ತಟ್ಟೆ ಬಿಗಿದು, ಕಪ್ಪು ಹಾಕಿ, ಅಚ್ಚು ತೂರಿಸಿದ ಮೇಲೆ ಹಿಂಭಾಗದ ಸರಳಿಗೂ ಗೇರಿನ ಮೈಗೂ ನಡುವೆ ಎಷ್ಟು ಬಿಡುವಿದೆ ಎಂದು ನೋಡಬೇಕು. ಗೇರಿನ ಡಬ್ಬಿ ಅಗಲವಾದದ್ದು. ಮುಖ್ಯ ಕೀಲು ಬಾಟಮ್ ಬ್ರ್ಯಾಕೆಟ್ಟಿಗೆ ತೀರ ಹತ್ತಿರವಿರುವ ಫ್ರೇಮುಗಳಿಗೆ ಇದು ಕೂರುವುದೇ ಇಲ್ಲ. ನಿಲ್ಲಿಸಿದಾಗ ಬಿಡುವು ಕಂಡರೆ ಸಾಲದು. ಶಾಕಿನ ಗಾಳಿಯನ್ನೆಲ್ಲ ಬಿಟ್ಟು, ಚಕ್ರವನ್ನು ಕೊನೆಯವರೆಗೆ ಮೇಲೆತ್ತಿ, ಆಗಲೂ ಏನೂ ತಾಗುವುದಿಲ್ಲ ಎಂದು ನೋಡಿದೆ. ಚೈನಿನ ಉದ್ದ ಅಳೆಯುವುದೂ ಅದೇ ಸ್ಥಿತಿಯಲ್ಲಿ, ಹಿಂದಿನ ಅತಿ ದೊಡ್ಡ ಪಲ್ಲೆಗೆ ಹಾಕಿ. ಕ್ರ್ಯಾಂಕಿನಿಂದ ಅಚ್ಚು ಅತಿ ದೂರ ಹೋಗುವ ಆ ಗಳಿಗೆಗೆ ಚೈನು ಸಾಲಬೇಕು. ಮುಂದೆ ಪಲ್ಲೆ ಒಂದೇ ಆದ್ದರಿಂದ ಮೊದಲಿಗಿಂತ ಗಿಡ್ಡ ಚೈನು ಸಾಕಾಯಿತು, ಹಿಂದಿನ ಡಿರೇಲರಿನ ತೋಳೂ ಗಿಡ್ಡದ್ದೇ ಆಯಿತು. ಕೊನೆಗೆ ಎಡಗೈಯ ಲಿವರಿನಿಂದ ಕೇಬಲ್ ತಂದು ಕಟ್ಟಿದೆ.

ರೋನ್ ಬೆಟ್ಟಗಳಲ್ಲಿ 928 ಮೀಟರ್ ಎತ್ತರದ ಕ್ರೊಯ್ಟ್ಸ್‌ಬೆರ್ಗ್ ಇದೆ. ನೆತ್ತಿಯ ಹತ್ತಿರ ಕ್ರೈಸ್ತ ಸನ್ಯಾಸಿಗಳ ಮಠ. ಹತ್ತುವಾಗ ಗೇರು ಒಂದೇ ಗಟ್ಟಿಯಾಗಿ ತಿರುಗುತ್ತದೆ, ಸದ್ದಿಲ್ಲ. ಮರದ ಬೇರು ದಾಟಿದ ತಕ್ಷಣ ದಾರಿ ಇಳಿಯತೊಡಗಿದರೆ ಲಿವರನ್ನು ಒಮ್ಮೆ ಒತ್ತಿದರೆ ಆಯಿತು. ತುಳಿಯುತ್ತಿರಲಿ, ನಿಂತಿರಲಿ, ಗೇರು ಆ ಕ್ಷಣವೇ ಬೀಳುತ್ತದೆ. ಚೈನು ತನ್ನ ಜಾಗದಿಂದ ಅಲುಗುವುದಿಲ್ಲ. ಮೇಲಿನ ಗೇರಿನಲ್ಲಿ ಹಲ್ಲುಗಳ ಗುಂಯ್‌ಗುಟ್ಟುವಿಕೆ ಪಾದಕ್ಕೆ ಮುಟ್ಟುತ್ತದೆ, ಸ್ವಲ್ಪ ಶಕ್ತಿ ಅಲ್ಲಿ ಸೋರುತ್ತದೆ. ಸಣ್ಣ ಪಲ್ಲೆಯ ಮೇಲೇ ಯಾವಾಗಲೂ ಚೈನು ಇರುವುದರಿಂದ ನನ್ನ ಫ್ರೇಮಿನಲ್ಲಿ ಪೆಡಲಿನ ಹಿಂದೇಟು ಮೊದಲಿಗಿಂತ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಕಾಲು ಅದಕ್ಕೆ ಹೊಂದಿಕೊಳ್ಳುತ್ತದೆ. ಒಂದೂವರೆ ಕಿಲೋ ಮೀರಿದ ಅದರ ತೂಕವನ್ನು ಬೆಟ್ಟ ಹತ್ತುವಾಗ ಯಾರೂ ಮರೆಯಲಾರರು.

ಅದನ್ನು ಮುಗಿಸಿದ್ದು ಅದರ ಕೊರತೆಗಳು ಮಾತ್ರವಲ್ಲ. 2012ರಲ್ಲಿ ಸ್ರಾಮ್ ಕಂಪನಿಯೇ ಎಕ್ಸ್‌ಎಕ್ಸ್1 ಎಂಬ ಹೊಸ ಜೋಡಣೆ ತಂದಿತು. ಅದರ ಕೆಲಸದಲ್ಲೂ ಶ್ವೈನ್‌ಫುರ್ಟಿನವರ ಪಾಲಿತ್ತು. ಮುಂದೆ ಒಂದೇ ಪಲ್ಲೆ. ಅದರ ಹಲ್ಲುಗಳು ಒಂದು ದಪ್ಪ ಒಂದು ತೆಳು, ಚೈನು ಕಚ್ಚಿಕೊಂಡೇ ಇರುವಂತೆ. ಹಿಂದೆ 10ರಿಂದ 42 ಹಲ್ಲಿನವರೆಗೆ ಹನ್ನೊಂದು ಪಲ್ಲೆ. 2016ರ ಈಗಲ್ ಅದನ್ನು 10ರಿಂದ 50ಕ್ಕೆ ಒಯ್ದಿತು. ಅತಿ ಹಗುರ ಗೇರಿಗೂ ಅತಿ ಭಾರದ್ದಕ್ಕೂ ಐದು ಪಟ್ಟು ಅಂತರ. ಹ್ಯಾಮರ್‌ಶ್ಮಿಟ್ ಜೊತೆಗೆ 11ರಿಂದ 36ರ ಪಲ್ಲೆಗಳನ್ನು ಹಾಕಿದರೆ ಸಿಗುವುದು ಐದೂಕಾಲು ಪಟ್ಟಿನ ಹತ್ತಿರ. ಎರಡು ಹೆಚ್ಚುಕಮ್ಮಿ ಸಮ. ಮುಂದೆ ಏನೂ ಇಲ್ಲದೆಯೇ ಅಷ್ಟು ದೊರೆತ ಮೇಲೆ ಕ್ರ್ಯಾಂಕಿನ ಗೇರನ್ನು ಯಾರು ಹೊರುತ್ತಾರೆ? ಫ್ರೇಮು ಮಾಡುವವರು ತೆರವಾದ ಆ ಜಾಗವನ್ನು ಅಗಲವಾದ ಕೀಲಿಗೂ ದಪ್ಪ ಟೈರಿಗೂ ಹಂಚಿದರು. ಪಲ್ಲೆಯೇ ಚೈನನ್ನು ಹಿಡಿಯತೊಡಗಿದ್ದರಿಂದ ಹಲವು ಫ್ರೇಮುಗಳಿಂದ ಆ ಮೂರು ಕಿವಿಗಳೂ ಮಾಯವಾದವು. ಹಿಡಿತ ಹೋಯಿತು, ಅದರೊಂದಿಗೆ ಗೇರೂ ಹೋಯಿತು.

ಆದರೂ ಕಥೆ ಮುಗಿದಿಲ್ಲ. ಪೋರ್ಷೆ ಕಂಪನಿಯಲ್ಲಿ ಎಂಜಿನಿಯರುಗಳಾಗಿದ್ದ ಕ್ರಿಸ್ಟೋಫ್ ಲೆರ್ಮೆನ್ ಮತ್ತು ಮೈಕೆಲ್ ಶ್ಮಿಟ್ಜ್ 2008ರಲ್ಲೇ ಸ್ಟುಟ್‌ಗಾರ್ಟ್ ಬಳಿ ಪಿನಿಯನ್ ಕಂಪನಿ ಕಟ್ಟಿದ್ದರು. ಅವರ 18 ವೇಗದ ಪೆಟ್ಟಿಗೆಯಲ್ಲಿ ಗ್ರಹಗೇರಿಲ್ಲ, ಕಾರಿನಂತೆ ಎರಡು ಅಚ್ಚುಗಳ ಮೇಲೆ ಜೋಡಿಜೋಡಿ ಹಲ್ಲುಚಕ್ರ. ಆರು ಪಟ್ಟು ಮೀರಿದ ಅಂತರ. ಅದಕ್ಕೆ ಬೇರೆಯದೇ ಫ್ರೇಮು ಬೇಕು: ಬಾಟಮ್ ಬ್ರ್ಯಾಕೆಟ್ ಕೊಳವೆಯ ಬದಲು ಪೆಟ್ಟಿಗೆ ನೇತುಹಾಕುವ ಒಂದು ಸೇತುವೆ. ಮಾರ್ಸ್ಟನ್ ಕಾಲದ ತೊಡಕೇ ತಿರುಗಿ ಬಂತು, ಹಾಗಾಗಿ ಅದು ಕೆಲವರ ಪಾಲಿನದಾಗಿಯೇ ಉಳಿಯಿತು. ಈ ತೊಡಕನ್ನು ಸಡಿಲಿಸುತ್ತಿರುವುದು ಮೋಟರು. ಕಳೆದ ದಶಕದಲ್ಲಿ ಬಾಷ್ ಮೊದಲಾದವರ ವಿದ್ಯುತ್ ಮೋಟರುಗಳು ಕ್ರ್ಯಾಂಕಿನ ಸುತ್ತಲೇ ಬಂದು ಕೂತವು. ಅವುಗಳಿಗಾಗಿ ಫ್ರೇಮು ಕಂಪನಿಗಳೆಲ್ಲ ಕೊಳವೆಯನ್ನು ಕೈಬಿಟ್ಟು, ಅಲ್ಲೊಂದು ದೊಡ್ಡ ಗೂಡು ಮಾಡಿ, ಬೋಲ್ಟು ಬಿಗಿಯುವ ಜಾಗ ಬಿಡಲು ಕಲಿತವು. 2023ರಲ್ಲಿ ಪಿನಿಯನ್ ಮೋಟರನ್ನೂ ಗೇರುಪೆಟ್ಟಿಗೆಯನ್ನೂ ಒಂದೇ ಡಬ್ಬಿಯಲ್ಲಿಟ್ಟು ತೋರಿಸಿತು. ಮೋಟರಿಗೆಂದು ತೆರೆದ ಗೂಡಿನಲ್ಲಿ ಗೇರು ಮತ್ತೆ ಕಾಲಬುಡಕ್ಕೆ ಬಂದಿದೆ.

ಯಂತ್ರಗಳ ಇತಿಹಾಸ ಬರೆಯುವಾಗ ನಾವು ಕಂಡುಹಿಡಿದವರ ಹೆಸರು ಬರೆಯುತ್ತೇವೆ. ವಾಟ್, ಮಾರ್ಸ್ಟನ್, ಶ್ಲುಂಫ್ ಎಂದು ನಾನೂ ಬರೆದೆ. ಆದರೆ ಈ ಗೇರಿನ ಹಣೆಬರಹ ಬರೆದವರಲ್ಲಿ ಇನ್ನೊಂದು ಗುಂಪಿದೆ. ತಮ್ಮ ಫ್ರೇಮಿಗೆ ಅಂದಿಗೆ ಅಷ್ಟೇನೂ ಲಾಭವಿಲ್ಲದಿದ್ದರೂ ಎಲ್ಲರ ಗೈಡೂ ಕೂರಲಿ ಎಂದು ಒಂದೇ ಅಳತೆಯಲ್ಲಿ ಮೂರು ಕಿವಿ ಬೆಸೆಯಲು ಒಪ್ಪಿದವರು ಅವರು. ಆ ಒಪ್ಪಂದ ಇರದಿದ್ದರೆ ಹ್ಯಾಮರ್‌ಶ್ಮಿಟ್ ಒಂದೇ ಕಂಪನಿಯ ಒಂದೇ ಬೈಕಿನಲ್ಲಿ ಹುಟ್ಟಿ ಅಲ್ಲೇ ಸಾಯುತ್ತಿತ್ತು, ಬೇರೆ ಕಂಪನಿಯ ನನ್ನ ಬೈಕಿಗೆ ಇಷ್ಟು ವರ್ಷಗಳ ಮೇಲೆ ಕೂರುತ್ತಿರಲಿಲ್ಲ. ಬಿಡಿಭಾಗ ಸಿಗದ ಈ ದಿನಗಳಲ್ಲಿ ನಾನು ಅದರ ಕೊಕ್ಕೆ, ಸ್ಪ್ರಿಂಗು, ಬೇರಿಂಗುಗಳನ್ನೆಲ್ಲ ಅಳೆದು, ಯಾರು ಬೇಕಾದರೂ ನೋಡಿ ಮಾಡಿಕೊಳ್ಳುವ ಹಾಗೆ ನಕ್ಷೆ ಬರೆದಿಟ್ಟು, ಕೇಳಿದವರಿಗೆ ಕೊಡುತ್ತಿದ್ದೇನೆ. ಹೊಸ ಯಂತ್ರವೊಂದು ನಿಲ್ಲಬೇಕಾದರೆ ಅದನ್ನು ಹಿಡಿದುಕೊಳ್ಳುವ ಜಾಗವನ್ನು ಇನ್ನೊಬ್ಬರು ಬಿಟ್ಟಿರಬೇಕು. ಆ ಜಾಗದ ಅಳತೆಯನ್ನು ತಮ್ಮಲ್ಲೇ ಬಚ್ಚಿಟ್ಟುಕೊಳ್ಳದೆ ಎಲ್ಲರ ಮುಂದೆ ಇಟ್ಟವರಿಂದಲೇ ನಮ್ಮ ಕಸುಬು ಇಲ್ಲಿಯವರೆಗೆ ಬಂದಿದೆ.